ಕಾಫಿ ಲೋಟ ಹಿಡಿದು ಕೂತ ಅಮ್ಮ

ಗೋಡೆಯ ಮೇಲಿದ್ದ ನನ್ನ ಅಮ್ಮನ ಮುಖಕ್ಕೆ ಸುಣ್ಣ ಬಳಿದದ್ದು ನನ್ನ ಅಪ್ಪನೇ. ಮಳೆಗಾಲದ ತೇವಕ್ಕೆ ಚಿತ್ರ ಹಾಳಾಯಿತು ಎಂದು ನಮ್ಮವರು ಹೇಳಿಕೊಂಡು ಬಂದದ್ದು ಸುಳ್ಳು. ಈಗ ನಾನಿರುವ ಡೊಂಬಿವಲಿಯ ಬಿಲ್ಡಿಂಗಿನ ಮೆಟ್ಟಿಲ ಗೋಡೆಗೆ ಮೊನ್ನೆ ಸುಣ್ಣ ಹೊಡೆದರು. ಆ ಹಸಿ ವಾಸನೆ ಬಾಗಿಲ ಸಂದಿನಿಂದ ಒಳಗೆ ಬಂತು. ಅದು ಹೋಗುವ ಮೊದಲು ಬರೆದಿಡುತ್ತೇನೆ.

ಮುಂಬಯಿ ಪಕ್ಕದ ಕಲ್ಯಾಣ ಸ್ಟೇಷನ್ ಹತ್ತಿರ ಅಪ್ಪನದೊಂದು ಉಡುಪಿ ಹೋಟೆಲು. ಹಿಂದೆ ಅಡುಗೆಕೋಣೆ, ಅದಕ್ಕೆ ಅಂಟಿದಂತೆ ನಮ್ಮ ಮನೆ, ಮೇಲೊಂದು ಖೋಲಿ. ಆ ಖೋಲಿಯಲ್ಲಿ ಒಂದು ಬೇಸಿಗೆ ಅಮೆರಿಕದ ಮುದುಕನೊಬ್ಬ ಬಾಡಿಗೆಗಿದ್ದ. ಗೋಡೆಗಳ ಮೇಲೆ ಚಿತ್ರ ಬರೆಯುವುದೇ ಅವನ ಕಸುಬು. ತನ್ನ ದೇಶದಲ್ಲಿ ಹರೆಯದಿಂದ ಅಂಚೆ ಕಚೇರಿ, ಕಾರ್ಖಾನೆ, ಶಾಲೆಗಳ ಗೋಡೆ ತುಂಬಾ ಕೂಲಿಯಾಳುಗಳನ್ನು ಬರೆದನಂತೆ; ಕಟ್ಟಡ ಕೆಡವಿದಾಗಲೆಲ್ಲ ಅವರೂ ಮಣ್ಣಾದರಂತೆ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಗೋಡೆ ಉಳಿಸಿಕೊಳ್ಳುವ ಜನರನ್ನು ಹುಡುಕಿಕೊಂಡು ಬಂದೆ ಎಂದು ಮುರುಕು ಹಿಂದಿಯಲ್ಲಿ ಹೇಳುತ್ತಿದ್ದ. ಹುಡುಕಿ ಹುಡುಕಿ ನಮ್ಮಲ್ಲಿಗೇ ಬಂದಿದ್ದ.

ಮಧ್ಯಾಹ್ನ ಹೋಟೆಲು ಮುಚ್ಚಿದ ಹೊತ್ತಿನಲ್ಲಿ ಅದರ ಗೋಡೆಗೆ ಹಸಿ ಗಾರೆ ಮೆತ್ತಿ, ಅದು ಒಣಗುವ ಮೊದಲೇ ಬಣ್ಣ ಹಚ್ಚುತ್ತಿದ್ದ. ಒಂದು ದಿನಕ್ಕೆ ಆಗುವಷ್ಟೇ ಗಾರೆ. ಲೋಕಲ್ ರೈಲು ಹಿಡಿಯಲು ಓಡುವವರು, ಭಿವಂಡಿಯ ಮಗ್ಗದವರು, ಗಲ್ಲಾದ ಹಿಂದೆ ಅಪ್ಪ, ಎಲ್ಲರೂ ಗೋಡೆಗೆ ಬಂದರು. ಕೊನೆಗೆ ಅಮ್ಮ. ಗಿರಾಕಿಗಳಿರುವಾಗ ಅಡುಗೆಕೋಣೆಯ ಹೊಸ್ತಿಲು ದಾಟದವಳು ಅವಳು. ಅವಳನ್ನು ಅವನು ಚಿತ್ರದಲ್ಲಿ ಕಿಟಕಿ ಪಕ್ಕದ ಮೇಜಿಗೆ, ಕೈಗೆ ಕಾಫಿ ಲೋಟ ಕೊಟ್ಟು ಕೂರಿಸಿದ್ದ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ನನಗೆ ಹೇಳಿದಳು, "ಅದೆಲ್ಲ ಸರಿ. ಈ ಕಾಫಿ ಮಾಡಿಕೊಟ್ಟದ್ದು ಯಾರಂತೆ, ಕೇಳು ಅವನನ್ನ."

ಅವನು ಹೊರಟುಹೋದ. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಅಮ್ಮ ಹೋದಳು. ಅವಳದೊಂದು ಫೋಟೋ ಸಹ ಇರಲಿಲ್ಲ. ಇದ್ದದ್ದು ಆ ಗೋಡೆಯೊಂದೇ. ಸೂತಕ ಕಳೆದ ಮೇಲೆ ಎಲ್ಲ ಗೋಡೆಗೂ ಸುಣ್ಣ ಹೊಡೆದು ಆಮೇಲೆ ಒಲೆ ಹಚ್ಚುವುದು ನಮ್ಮ ಮನೆಯ ಪದ್ಧತಿ. ಉಳಿದದ್ದೆಲ್ಲ ಬಳಿದು ಮುಗಿಸಿದ ಅಪ್ಪ ಅಮ್ಮನಿದ್ದ ಮೂಲೆಯ ಮುಂದೆ ಕುಂಚ ಹಿಡಿದು ನಿಂತೇ ಇದ್ದ. ಅಪ್ಪನ ಅಕ್ಕ, ನನ್ನ ಅತ್ತೆ, ಬಾಗಿಲಲ್ಲಿ ಕೂತು ಕೇಳಿದಳು: "ಸತ್ತವಳನ್ನ ಗಿರಾಕಿಗಳ ನಡುವೆ ಕೂರಿಸಿಕೊಂಡು ಹೋಟೆಲ್ ತೆರೀತೀಯಾ ತಮ್ಮಾ?"

ಅಮ್ಮನಷ್ಟು ಜಾಗ ಬಿಡು ಎಂದು ನಾನು ಅಪ್ಪನ ಪಂಚೆ ಹಿಡಿದು ಎಳೆದೆ. ಅಪ್ಪ ನನ್ನ ಮುಖ ನೋಡಲಿಲ್ಲ.

"ಅವಳು ಒಳಗೇ ಇರ್ತಾಳೆ ಮಗಾ. ಯಾವಾಗ್ಲೂ ಒಳಗೇ ಇದ್ದವಳಲ್ವಾ?"

ಬಳಿದ. ಒಂದು ಕೈ ಸುಣ್ಣಕ್ಕೆ ಮುಖ ಮುಚ್ಚಲಿಲ್ಲ, ಇನ್ನೊಂದು ಕೈ ಹೊಡೆದ.

ಆ ಕಟ್ಟಡವೂ ಈಗ ಇಲ್ಲ. ಕೆಡವುವಾಗ ಸುಣ್ಣದ ಹೆಕ್ಕಳೆ ಎದ್ದು ಅವಳು ಒಂದು ಗಳಿಗೆ ಹೊರಗೆ ಕಂಡಳೋ ಏನೋ, ಕೆಡವಿದವರಿಗೇ ಗೊತ್ತು. ಅಪ್ಪ ಮತ್ತೆ ಅವಳ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ.

ಅಪ್ಪ ಸುಣ್ಣ ಹೊಡೆದ ಮರುದಿನ ಬೆಳಿಗ್ಗೆ ಹೋಟೆಲು ತೆರೆಯಿತು. ಶಾಲೆಯ ಚೀಲವನ್ನು ಗೂಟದಲ್ಲೇ ಬಿಟ್ಟು, ಅಡುಗೆಕೋಣೆಗೆ ಹೋಗಿ, ಅಮ್ಮ ಕೂರುತ್ತಿದ್ದ ಜಾಗದಲ್ಲಿ ತೆಂಗಿನಕಾಯಿ ತುರಿದು ಚಟ್ನಿ ರುಬ್ಬಲು ಕೂತೆ.