ಗೌರವ್ವನ ದಾರದ ಎಂಟನೆಯ ಗಂಟು

ಮೂಡಲು ಇನ್ನೂ ಕೆಂಪೇರಿಲ್ಲ. ಖಾನಾಪುರದಿಂದ ನಾಲ್ಕು ಮೈಲಿ ಆಚೆ, ಹಿರೇಕೆರೆಯ ದಂಡೆಯ ಮೇಲೆ ಗೌರವ್ವ ಸೆರಗನ್ನು ಸೊಂಟಕ್ಕೆ ಬಿಗಿದು ಸಲಿಕೆಯಿಂದ ಮಣ್ಣು ಕಡಿಯುತ್ತಿದ್ದಾಳೆ. ಮೂರು ಮೆಟ್ಟಿಲು ಆಗಿವೆ, ನಾಲ್ಕನೆಯದು ನೀರಿಗೆ ಮುಟ್ಟಬೇಕು. ಒಂದೊಂದೂ ಗೇಣಿಗಿಂತ ಎತ್ತರವಿಲ್ಲ. ಇಷ್ಟು ಗಿಡ್ಡ ಮೆಟ್ಟಿಲು ಯಾಕೆ ಎಂದರೆ ಆಕೆ ತಲೆ ಎತ್ತದೆ ಹೇಳುತ್ತಾಳೆ, "ಎಪ್ಪತ್ತೆಂಟ ವರ್ಷದ ಕಾಲು ಬರಾಕತ್ತಾವ್ರಿ ಇವತ್ತ. ಅದಕ್ಕ."

ಹಿಂದೆ ದಿಬ್ಬದ ಮೇಲೆ ನಿಂತಿರುವುದು ಗೌರವ್ವನ ಹಲಗೆ ಮನೆ. ಮನೆ ಆಕೆಯದಲ್ಲ, ಆದರೆ ಆಕೆಯಿಲ್ಲದೆ ಅದು ಮನೆಯೂ ಅಲ್ಲ. ಕಾಡಿನ ಗುತ್ತಿಗೆದಾರನೊಬ್ಬ ಗರಗಸದವರಿಗೆಂದು ಕಟ್ಟಿಸಿದ್ದು. ಮರ ಕೊಯ್ಯುತ್ತಿದ್ದ ಗಂಡ ಮಾಯಪ್ಪ ಚಳಿಜ್ವರಕ್ಕೆ ಸಿಕ್ಕು ತೀರಿಕೊಂಡ. ಮರುವರ್ಷ ಗುತ್ತಿಗೆ ಮುಗಿಯಿತು. ಹೋಗುವಾಗ ಗುತ್ತಿಗೆದಾರ ಬೀಗದ ಕೈ ಗೌರವ್ವನ ಕೈಗಿಟ್ಟು, "ನೋಡಿಕೋತ ಇರು" ಎಂದವನು ತಿರುಗಿ ಬರಲಿಲ್ಲ. ಒಬ್ಬಳೇ ಇದ್ದ ಮೊದಲ ಮಳೆಗಾಲದ ಬಗ್ಗೆ ಆಕೆ ಈಗಲೂ ಹೆಚ್ಚು ಮಾತಾಡುವುದಿಲ್ಲ. "ಮನಿ ಸೋರಿತ್ತು, ನಾನೂ ಸೋರಿದ್ದೆ" ಎಂದು ನಕ್ಕು ಮುಂದೆ ಹೋಗುತ್ತಾಳೆ.

ಆ ಚಳಿಗಾಲದಲ್ಲಿ ದಾರಿ ತಪ್ಪಿದ ಬೆಳಗಾವಿಯ ಒಂದು ಸಂಸಾರ ಬಾಗಿಲು ತಟ್ಟಿತು. ಎರಡು ದಿನವಿದ್ದು, ಕೆರೆಯಲ್ಲಿ ಮಿಂದು, ಊರಿಗೆ ಹೋಗಿ ಹತ್ತು ಮನೆಗೆ ಹೇಳಿತು. ಅಲ್ಲಿಂದ ಇಲ್ಲಿಗೆ ಹನ್ನೆರಡು ಚಳಿಗಾಲ. ನಾತಾಳದ, ಅಂದರೆ ಕ್ರಿಸ್ಮಸ್ಸಿನ, ರಜೆಯಿಂದ ಹೋಳಿಯವರೆಗೆ ವರ್ಷಕ್ಕೆ ಹತ್ತು ಹನ್ನೊಂದು ಸಂಸಾರಗಳು ಈಗ ಮಕ್ಕಳು ಮರಿ ಕಟ್ಟಿಕೊಂಡು ಬಂದಿಳಿಯುತ್ತವೆ. ಎಂಟು ಮಂದಿ ಬಂದರೆ ದಿನಕ್ಕೆ ನಲವತ್ತು ರೊಟ್ಟಿ, ಹದಿನಾಲ್ಕು ಕೊಡ ನೀರು, ಎರಡು ಹೊರೆ ಕಟ್ಟಿಗೆ, ಮಲಗಲು ಎಂಟು ಹುಲ್ಲಿನ ಹಾಸಿಗೆ. ಎಲ್ಲಕ್ಕೂ ಇರುವುದು ಎರಡೇ ಕೈ.

ಅಕ್ಷರ ಬಾರದ ಗೌರವ್ವನ ಕಾರಭಾರವೆಲ್ಲ ದಾರದ ಮೇಲೆ ನಡೆಯುತ್ತದೆ. ಬರುವವರು ಒಂದು ಮೊಳ ದಾರಕ್ಕೆ ಗಂಟು ಹಾಕಿ ಕಳಿಸಬೇಕು. ದೊಡ್ಡವರಿಗೆ ದೊಡ್ಡ ಗಂಟು, ಮಕ್ಕಳಿಗೆ ಸಣ್ಣದು. ಮನೆ ಸಿದ್ಧವಿದ್ದರೆ ದಾರಕ್ಕೆ ಅರಿಷಿಣ ಬಳಿದು ತಿರುಗಿ ಕಳಿಸುತ್ತಾಳೆ. ಇಲ್ಲದಿದ್ದರೆ ಇದ್ದಿಲು. ಓದಿ ಬರೆಯುವವರ ಚೀಟಿಗಳು ತಪ್ಪಿದ್ದುಂಟು, ಗೌರವ್ವನ ದಾರ ಒಮ್ಮೆಯೂ ತಪ್ಪಿಲ್ಲ ಎಂದು ಖಾನಾಪುರದ ಪೇಟೆಯಲ್ಲಿ ಮಾತಿದೆ.

ಈ ೧೯೨೬ರ ನಾತಾಳಕ್ಕೆ ಬರಬೇಕಾದವರು ಬೆಳಗಾವಿಯ ಬಾಳಕೃಷ್ಣರ ಮನೆಯವರು. ಎರಡು ತಿಂಗಳಿಂದ ಅವರ ಮನೆಯಲ್ಲಿ ಇದೊಂದೇ ಮಾತು. ಬಾಳಕೃಷ್ಣರು ಕಚೇರಿಯ ಗುಮಾಸ್ತರು, ಪಟ್ಟಿ ಮಾಡದೆ ನೀರು ಕುಡಿಯುವವರಲ್ಲ. ಗಾದಿ, ಕಂದೀಲು, ಹಪ್ಪಳದ ಡಬ್ಬಿ ಎಂದು ಮೂವತ್ತೆರಡು ಸಾಮಾನಿನ ಪಟ್ಟಿ ಬಂದಾಗ ಗೌರವ್ವ ಹೇಳಿ ಕಳಿಸಿದ್ದಳು, "ಗಾದಿ ತರಬ್ಯಾಡ್ರಿ, ಹುಲ್ಲ ಐತಿ. ಕಂಬಳಿ ತರ್ರಿ, ಅಜ್ಜೀನ ತರ್ರಿ, ಸಾಕು."

ಅಜ್ಜಿ ಎಂದರೆ ಬಾಳಕೃಷ್ಣರ ತಾಯಿ ಚಂದ್ರಭಾಗಾಬಾಯಿ. ಹುಟ್ಟಿದ್ದು ಈ ಕೆರೆಯ ಮಗ್ಗುಲ ಹಳ್ಳಿಯಲ್ಲಿ. ಮದುವೆಯಾಗಿ ಹೋದ ಮೇಲೆ ಅರವತ್ತು ವರ್ಷ ಈ ನೀರು ಕಂಡಿಲ್ಲ. ಮಂಡಿ ಹಿಡಿದಿವೆ, ಬರುವ ವರ್ಷಕ್ಕೆ ಆದೀತೆಂಬ ಭರವಸೆ ಇಲ್ಲ. ಒಮ್ಮೆ ಆ ನೀರಿನಲ್ಲಿ ಕಾಲಿಡಬೇಕೆಂಬುದೊಂದೇ ಆಕೆಯ ಆಸೆ. ಅದಕ್ಕೇ ಈ ನಾಲ್ಕು ಮೆಟ್ಟಿಲು.

ಮಂಗಳವಾರ ಗಾಡಿಯ ಸಿದರಾಯ ಅವರ ದಾರ ತಂದುಕೊಟ್ಟ. ನಾಲ್ಕು ದೊಡ್ಡ ಗಂಟು, ನಾಲ್ಕು ಸಣ್ಣವು. ಜತೆಗೊಂದು ಪ್ರಶ್ನೆ: ಶುಕ್ರವಾರ ಬರುತ್ತೇವೆ, ಮುದುಕಿಯಿಂದ ನಿಮಗೆ ತೊಂದರೆಯಾದೀತೆ? ಗೌರವ್ವ ದಾರಕ್ಕೆ ಅರಿಷಿಣ ಬಳಿದು ಕೊಟ್ಟು, ಬರುವವರ ಲೆಕ್ಕಕ್ಕೆ ಒಲೆಯ ಬಾಜು ಎಂಟು ಹರಳು ಇಟ್ಟುಕೊಂಡಳು. ಬಾಯಲ್ಲಿ ಹೇಳಿದ್ದು ಎರಡೇ ಮಾತು.

ಇಂದು ಶುಕ್ರವಾರ. ಬಿಸಿಲೇರುವ ಹೊತ್ತಿಗೆ ಸ್ಟೇಶನ್ನಿಗೆ ಹೋಗಿದ್ದ ಸಿದರಾಯನ ಗಾಡಿ ತಿರುಗಿ ಬರುತ್ತದೆ, ಬರಿದು. ರೈಲು ಬಂತು, ಯಾರೂ ಇಳಿಯಲಿಲ್ಲ. ಬೇಯುತ್ತಿದ್ದ ಅವರೆಕಾಳನ್ನು ಇಳಿಸಿ ಗೌರವ್ವ ಹೊರಗೆ ಬರುತ್ತಾಳೆ.

"ನೀ ಅವರಿಗೆ ಏನ ಹೇಳಿದ್ಯೋ ಸಿದರಾಯ?"

"ನೀವು ಹೇಳಿದ್ದನ್ನs ಹೇಳೇನಿ. ಬುಧವಾರ ಮುಂಜಾನೆ ಬಾಗಲದಾಗ ನಿಂತು, 'ಪರವಾ ಇಲ್ಲ' ಅಂದೆ."

"ಅವರು ಏನಂದ್ರು?"

"ಏನೂ ಅನ್ನಲಿಲ್ಲ. ಮುಖ ಸಣ್ಣದಾತು. ಬಿಸಲಿಗೆ ಇರಬೇಕು ಅನಕೊಂಡೆ."

ಗೌರವ್ವ ಹಣೆ ಹಣೆ ಬಡಿದುಕೊಳ್ಳುತ್ತಾಳೆ, ಆಮೇಲೆ ನಗು ತಡೆಯಲಾರದೆ ದಿಬ್ಬದ ಮೇಲೇ ಕೂತುಬಿಡುತ್ತಾಳೆ. ಬಾಳಕೃಷ್ಣರ ಮನೆಮಾತು ಮರಾಠಿ. ಕನ್ನಡದ ಕಿವಿಗೆ 'ಪರವಾ ಇಲ್ಲ' ಎಂದರೆ ಚಿಂತೆಯಿಲ್ಲ, ಬನ್ನಿ. ಮರಾಠಿಯಲ್ಲಿ ಪರವಾ ಎಂದರೆ ನಾಡಿದ್ದು. ಬುಧವಾರದ ನಾಡಿದ್ದು ಶುಕ್ರವಾರವೇ. ಶುಕ್ರವಾರ ಆಗುವುದಿಲ್ಲ ಎಂದೇ ಅವರು ತಿಳಿದಿದ್ದಾರೆ. ಒಂದೇ ಭಾಷೆ ಬಲ್ಲವರಿಗೆ ಇಂಥ ಫಜೀತಿ ಬರುವುದಿಲ್ಲ, ಎರಡು ಬಲ್ಲ ನಮ್ಮಂಥವರಿಗೇ ಇದು ಮೀಸಲು.

ನಗು ಬೇಗ ಇಳಿಯುತ್ತದೆ. ರಜೆ ಇರುವುದು ಮೂರೇ ದಿನ. ಆಕೆ ಒದ್ದೆ ಮೆಟ್ಟಿಲುಗಳನ್ನು ನೋಡುತ್ತಾಳೆ. ಆಮೇಲೆ ಏಳುತ್ತಾಳೆ.

"ದಾರ ಕೊಟ್ಟೀಯಿಲ್ಲೋ?"

"ಕೊಟ್ಟೇನ್ರಿ. ಸಾಹೇಬರು ನೋಡಲಿಲ್ಲ, ಗ್ವಾಡಿ ಮಾಡದಾಗ ಒಗದ್ರು."

"ಎತ್ತಿಗೆ ನೀರ ಕುಡಿಸು. ಸಂಜಿ ರೈಲಿಗೆ ಮತ್ತ ಹೋಗು."

"ಬರೂದಿಲ್ಲವ್ವ ಅವರು."

"ಬಾಯಿ ಸುಳ್ಳ ಹೇಳತೈತಿ, ಅರಿಷಿಣ ಸುಳ್ಳ ಹೇಳೂದಿಲ್ಲ. ಹೋಗು."

ಮಧ್ಯಾಹ್ನವೆಲ್ಲ ಆಕೆ ಕೈಗೆ ಬಿಡುವು ಕೊಡುವುದಿಲ್ಲ. ಮೆಟ್ಟಿಲಿಗೆ ಹಲಗೆ ಹಾಸುತ್ತಾಳೆ, ಹಿಡಿದುಕೊಳ್ಳಲು ಬಿದಿರು ಕಟ್ಟುತ್ತಾಳೆ, ರೊಟ್ಟಿ ಬಡಿಯುತ್ತಾಳೆ. ಬಾರದವರಿಗೆ ಅಡಿಗೆ ಮಾಡುವುದು ಹುಚ್ಚಲ್ಲವೇ ಎಂದರೆ, "ಹರಳು ಇನ್ನೂ ಎತ್ತಿಲ್ರಿ ನಾನು" ಎನ್ನುತ್ತಾಳೆ. ಎಂಟು ತಟ್ಟೆ ತೊಳೆದು ಸಾಲಾಗಿ ಬೋರಲು ಹಾಕುತ್ತಾಳೆ.

ಹೊತ್ತು ಇಳಿಯುತ್ತಿರುವಾಗ ಗೆಜ್ಜೆ ಸದ್ದಿಗಿಂತ ಮೊದಲು ಮಕ್ಕಳ ಕೂಗು ಕೇಳಿಸುತ್ತದೆ. ಗಾಡಿಯ ಮುಂಬದಿಯಲ್ಲಿ ಕಂಬಳಿ ಹೊದ್ದು ಕೂತವರು ಚಂದ್ರಭಾಗಾಬಾಯಿ, ಮುಂಗೈಗೆ ಅರಿಷಿಣದ ದಾರ ಸುತ್ತಿಕೊಂಡಿದ್ದಾರೆ. ಇಳಿಯುವ ಮೊದಲೇ ಮಗನನ್ನು ತೋರಿಸಿ ದೂರುತ್ತಾರೆ, "ಇವಾ ಮಾತು ಕೇಳಿದ, ದಾರ ನೋಡಲಿಲ್ಲ. ಇವತ್ತ ಮುಂಜಾನಿ ದಿವಾ ಹಚ್ಚಾಕ ಮಾಡಕ್ಕ ಕೈ ಹಾಕಿದೆ, ಬೆರಳಿಗೆಲ್ಲಾ ಅರಿಷಿಣ." ಬಾಳಕೃಷ್ಣರು ತಲೆ ಕೆರೆದುಕೊಳ್ಳುತ್ತ ನಗುತ್ತಾರೆ. ಹೆಂಡತಿ ಶುಭದಾ ನಗು ಮುಚ್ಚಿಕೊಳ್ಳಲು ಸೆರಗು ಬಾಯಿಗೆ ಹಿಡಿಯುತ್ತಾಳೆ.

ಗೌರವ್ವ ಮುದುಕಿಯನ್ನು ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸುತ್ತಾಳೆ. ನಾಲ್ಕನೆಯದರಲ್ಲಿ ನೀರು ಪಾದಕ್ಕೆ ಹತ್ತುತ್ತದೆ. ಚಂದ್ರಭಾಗಾಬಾಯಿ ಕಾಲ್ಬೆರಳುಗಳನ್ನು ನೀರಲ್ಲಿ ಆಡಿಸುತ್ತಾರೆ, ಸಣ್ಣ ಹುಡುಗಿಯಂತೆ. ನೋಡುತ್ತ ನಿಂತ ಗೌರವ್ವನ ಕಣ್ಣು ತುಂಬುತ್ತದೆ, ಆಕೆ ಅದನ್ನು ಮುಚ್ಚಿಡುವುದೂ ಇಲ್ಲ.

ಊಟಕ್ಕೆ ಕೂರಿಸುವಾಗ ಮಾತ್ರ ಆಕೆಯ ಮುಖ ಕಳೆಗುಂದುತ್ತದೆ. ಮೂರು ದೊಡ್ಡವರು, ನಾಲ್ಕು ಮಕ್ಕಳು. ಮತ್ತೊಮ್ಮೆ ಎಣಿಸುತ್ತಾಳೆ. ಏಳೇ.

"ಇನ್ನೊಬ್ರು ಎಲ್ಲಿ ಉಳದ್ರು? ಎಂಟ ಗಂಟ ಇದ್ದುವಲ್ರಿ."

"ಎಂಟನೇದು ನಿಂದು" ಎನ್ನುತ್ತಾರೆ ಚಂದ್ರಭಾಗಾಬಾಯಿ. "ಹೋದ ವರ್ಷ ಬಂದವರು ಹೇಳಿದ್ರು, ಎಲ್ಲಾರದೂ ಆದಮ್ಯಾಲೆ ಹೊರಗ ಒಬ್ಬಾಕಿನs ಕುಂತು ಉಣ್ತೀಯಂತ. ಗಂಟ ಹಾಕಿದಾಕಿ ನಾನs."

ಹನ್ನೆರಡು ಚಳಿಗಾಲದಲ್ಲಿ ಬಂದ ನೂರಾರು ಗಂಟುಗಳಲ್ಲಿ ಗೌರವ್ವನದು ಒಂದೂ ಇರಲಿಲ್ಲ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ, ಒರೆಸಿಕೊಳ್ಳುತ್ತಲೇ ಇರುತ್ತಾಳೆ.

"ನಾ ಹಿಂದಾಗಡೆ ಉಣ್ತೇನ್ರಿ. ಪರವಾ ಇಲ್ಲ."

"ಪರವಾ ಇಲ್ಲ? ಹಂಗಾರ ಇವತ್ತs ಕುಂದರು."

ಮಕ್ಕಳ ನಗುವಿಗೆ ಕೆರೆಯ ಬಾತುಗಳು ಏಳುತ್ತವೆ. ಗೌರವ್ವ ಕೂರುತ್ತಾಳೆ, ತಾನೇ ತೊಳೆದಿಟ್ಟ ಎಂಟನೆಯ ತಟ್ಟೆಯ ಮುಂದೆ. ರೊಟ್ಟಿ ಮುರಿಯುವ ಮೊದಲು ಒಲೆಯ ಬಾಜು ಇರುವ ಹರಳುಗಳ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳುತ್ತಾಳೆ, "ಹನ್ನೆರಡ ವರ್ಷದಾಗ ನನ್ನ ಲೆಕ್ಕ ತಪ್ಪಿಲ್ರಿ. ಇವತ್ತೂ ತಪ್ಪಲಿಲ್ಲ ನೋಡ್ರಿ."