ಬೆಳಕು ನಿಂತ ಜಾಗ

ಬಲಗೆನ್ನೆಯ ಒಳಗೆ ಬಿಳಿ ಮಚ್ಚೆ. ಖಾರ ತಗುಲಿದರೆ ಉರಿ. ಮಿಶ್ರಿ ತಿಕ್ಕುವ ಬಾಯಿಗೆ ಇದು ಇದ್ದದ್ದೇ ಎಂದುಕೊಂಡು ಮಳೆಗಾಲ ಕಳೆದೆ. ಸುಟ್ಟ ತಂಬಾಕಿನ ಆ ಕರಿ ಪುಡಿಯನ್ನು ಹಲ್ಲಿಗೆ ತಿಕ್ಕದೆ ನನಗೂ ನನ್ನ ಅತ್ತೆಗೂ ಬೆಳಗಾಗುತ್ತಿರಲಿಲ್ಲ. ಉಗರಗೋಳದಲ್ಲಿ ನಮ್ಮದು ಭಂಡಾರದ ಅಂಗಡಿ, ದೇವಿಗೆ ಏರಿಸುವ ಅರಿಸಿನ ಪುಡಿ ಮಾರುತ್ತೇವೆ. ದೇವಿಯ ಗುಡ್ಡಕ್ಕೆ ಹೊರಟವರನ್ನು ಕೂಗಿ ಕರೆಯುವುದೇ ನನ್ನ ಕಸುಬು. ಬಾಯಿ ಹೋದರೆ ಅಂಗಡಿಯೂ ಹೋದಂತೆ.

ಸವದತ್ತಿಯಲ್ಲಿ ಒಬ್ಬನಿದ್ದಾನೆ, ಮಚ್ಚೆ ತೆಗೆಸಲು ಅವನ ಹತ್ತಿರ ಹೋದೆ. ಗಾಜಿನ ಬಾಗಿಲು, ನೋವಿಲ್ಲದ ಲೇಸರ್ ಚಿಕಿತ್ಸೆ ಎಂಬ ಬೋರ್ಡು. ಡಾಕ್ಟರೋ ಅಲ್ಲವೋ ನಾನು ಕೇಳಲಿಲ್ಲ, ಬಿಳಿ ಕೋಟು ಹಾಕಿದ್ದ. ಬಾಯಿ ಮುಕ್ಕಳಿಸಿ ಎಂದೂ ಅನ್ನದೆ, ಮಿಶ್ರಿ ಮೆತ್ತಿದ ಕೆನ್ನೆಗೆ ಪೆನ್ನಿನಂಥ ಲೇಸರನ್ನು ಹಿಡಿದ. ಅಷ್ಟರಲ್ಲಿ ಫೋನ್ ಬಂತು. ಯಾರದೋ ಸೈಟಿನ ವ್ಯವಹಾರ ಮಾತಾಡುತ್ತ ನಿಂತ. ಬೆಳಕೂ ಒಂದೇ ಕಡೆ ನಿಂತಿತ್ತು.

ಕೆನ್ನೆ ಸುಟ್ಟುಹೋಯಿತು.

ಗಂಜಿಯ ಮೇಲೆ ಬದುಕಿದೆ. ಬಾಯಿ ಪೂರ್ತಿ ತೆರೆಯದಾಯಿತು. ಕೇಳಲು ಹೋದರೆ ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಕೇಳುವಂತೆ ಹೇಳಿದ: “ಮಿಶ್ರಿ ತಿಕ್ಕಿ ಕ್ಯಾನ್ಸರ್ ತಂದ್ಕೊಂಡೀರಿ. ನನ್ನ ಮ್ಯಾಲೆ ಹಾಕಬ್ಯಾಡ್ರಿ.”

ಬೆಂಚಿನವರು ನನ್ನಿಂದ ಸರಿದು ಕುಳಿತರು. ಅವನ ಕೈಗೆ ಹುಳ ಬೀಳಲಿ ಎಂದು ದಾರಿಯುದ್ದಕ್ಕೂ ಶಪಿಸಿದೆ. ಸಾಯುವುದೇ ಆದರೆ ಅವನ ಬಾಗಿಲು ಮುಚ್ಚಿಸಿ ಸಾಯಬೇಕು ಎಂದುಕೊಂಡೆ.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಗಾಯ ನೋಡಿ, ಬಯಾಪ್ಸಿ ಪರೀಕ್ಷೆಗೆ ಚೂರು ಎಲ್ಲಿಂದ ತೆಗೆಯಬೇಕೆಂದು ಬರಿಗಣ್ಣಿಗೆ ತಿಳಿಯುತ್ತಿಲ್ಲ, ಮೊದಲು ಪುಟ್ಟ ಮೈಕ್ರೋಸ್ಕೋಪನ್ನು ಬಾಯೊಳಗಿಟ್ಟು ಜೀವಕೋಶಗಳನ್ನೇ ನೋಡೋಣ ಎಂದರು. ಪೆನ್ಸಿಲ್ ಗಾತ್ರದ ಅದರೊಳಗೂ ಲೇಸರ್ ಇದೆ ಎಂದಾಗ ನಾನು ಕುರ್ಚಿ ಬಿಟ್ಟು ಎದ್ದೆ.

ಅವರು ಮತ್ತೆ ಕೂರಿಸಿ ವಿವರಿಸಿದರು. ಇದು ನೋಡಲಿಕ್ಕೆಂದೇ ಇರುವ ಮಂದ ಬೆಳಕು. ಒಂದು ಕಡೆ ನಿಲ್ಲದೆ ಸಾಲು ಸಾಲಾಗಿ ಓಡುತ್ತದೆ. ಸಾಲಿನ ತುದಿಯಲ್ಲಿ ತಿರುಗುವಾಗ ಮಾತ್ರ ನಿಧಾನವಾಗಿ, ಅಲ್ಲಿಯ ಕೋಶಗಳ ಮೇಲೆ ಹೆಚ್ಚು ಬೀಳುತ್ತದೆ. ಅದಕ್ಕೇ ತಿರುವಿನಲ್ಲಿ ಬೆಳಕನ್ನೇ ಆರಿಸುತ್ತಾರಂತೆ. ಎತ್ತು ತಿರುಗುವ ಹೊಲದ ತುದಿ ತುಳಿತಕ್ಕೆ ಗಟ್ಟಿಯಾಗುವುದನ್ನು ಕಂಡವಳು ನಾನು, ತಟ್ಟನೆ ತಿಳಿಯಿತು. ಇವರು ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ ಹೊತ್ತಿಗೂ ಅಂಜುತ್ತಾರೆ. ಅವನು ಸೈಟಿನ ಮಾತು ಮುಗಿಯುವ ತನಕ ಹಿಡಿದಿದ್ದ.

ಸ್ಕ್ಯಾನಿನ ಬೆಳಿಗ್ಗೆ ಎರಡು ಸಲ ಆಸ್ಪತ್ರೆಯ ಗೇಟಿನ ತನಕ ಹೋಗಿ ತಿರುಗಿ ಬಂದೆ. ಜೊತೆಗೆ ಬಂದಿದ್ದ ಅತ್ತೆ ಸೆರಗಿನಲ್ಲಿದ್ದ ಮಿಶ್ರಿಯ ಗಂಟು ಬಿಚ್ಚಿದರು. “ಒಂದ್ ಚಿಮಟಿ ಹಚ್ಕೋ, ಧೈರ್ಯ ಬರತೇತಿ.” ಬಾತ್‌ರೂಮಿಗೆ ಹೋಗಿ ತಿಕ್ಕಿಕೊಂಡು ಬಂದೆ.

ಪೆನ್ಸಿಲ್‌ನಂಥ ಆ ಮೈಕ್ರೋಸ್ಕೋಪು ಕೆನ್ನೆಗೆ ತಾಗಿದ್ದೇ ತಡ, ಪರದೆಯ ತುಂಬ ಕರಿ ಚುಕ್ಕೆ. ಡಾಕ್ಟರಮ್ಮ ತಕ್ಷಣ ಬೆಳಕು ಆರಿಸಿದರು.

“ಮಿಶ್ರಿ ತಿಕ್ಕೊಂಡೀರೇನು?”

ತಲೆಯಾಡಿಸಿದೆ. ಅವರು ಬೈಯಲಿಲ್ಲ. ಕರಿ ಪುಡಿ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಪಕ್ಕದ ಕೋಶಕ್ಕೆ ಅಪಾಯ ಎಂದು ಹೇಳಿ, ನೀರು ಕೊಟ್ಟು, ಬಾಯಿ ಸ್ವಚ್ಛವಾಗುವವರೆಗೆ ಮುಕ್ಕಳಿಸಲು ಹೇಳಿದರು.

ಒಂದು ಲೋಟ ನೀರು.

ಅವನು ಅಷ್ಟು ಕೊಟ್ಟಿದ್ದರೂ ಈ ಕೆನ್ನೆ ಇಷ್ಟು ಸುಡುತ್ತಿರಲಿಲ್ಲವೇನೋ. ಮುಕ್ಕಳಿಸುತ್ತ ಸಿಟ್ಟಿಗೆ ಅಳು ಬಂತು. ಆಮೇಲೆ ಪರದೆಯಲ್ಲಿ ಕೋಶಗಳು ಕಂಡವು. ಒಂದು ಕಡೆ ಅಂಕುಡೊಂಕಾಗಿದ್ದವು, ಅಲ್ಲಿಂದಲೇ ಬಯಾಪ್ಸಿ ತೆಗೆದರು.

ಕ್ಯಾನ್ಸರ್ ಇಲ್ಲ.

ಸದ್ಯಕ್ಕೆ ಇಲ್ಲ ಎಂದರು ಡಾಕ್ಟರಮ್ಮ. ಮಿಶ್ರಿ ಬಿಡಬೇಕು, ಆಗಾಗ ಬಂದು ತೋರಿಸಬೇಕು. ಬಿಟ್ಟಿದ್ದೇನೆ. ಅತ್ತೆಯೂ ನನ್ನೆದುರು ತಿಕ್ಕುವುದಿಲ್ಲ. ಡಾಕ್ಟರಮ್ಮನ ಹೆಸರಲ್ಲಿ ದಿನವೂ ಗುಡ್ಡದ ಕಡೆ ಕೈ ಮುಗಿಯುತ್ತೇನೆ. ಜೀವ ಉಳಿಯಿತಲ್ಲ, ಅವನನ್ನು ಮರೆತುಬಿಡು ಎನ್ನುತ್ತಾರೆ ಓಣಿಯವರು. ನಾನೇಕೆ ಮರೆಯಲಿ?

ಗುಡ್ಡಕ್ಕೆ ಜನ ಕಡಿಮೆಯಿರುವ ದಿನ ಸವದತ್ತಿ ಬಸ್ಸು ಹತ್ತುತ್ತೇನೆ. ಅವನ ಬೆಂಚಿನ ಮೇಲೆ ಕುಳಿತು, ಬಂದವರಿಗೆಲ್ಲ ಕೆನ್ನೆ ತೋರಿಸುತ್ತೇನೆ. ಮೊನ್ನೆ ಅವನೇ ಹೊರಗೆ ಬಂದು ಕೈ ಮುಗಿದ. “ಅಕ್ಕಾರ, ಇನ್ನರ ಬಿಡ್ರಿ.”

ನಾನು ಪಕ್ಕದಲ್ಲಿದ್ದ ಹೆಂಗಸಿನ ಕಡೆ ತಿರುಗಿದೆ. “ಬಾಯಿ ಪೂರಾ ತೆರಿಯಾಕ ಬರಂಗಿಲ್ಲವ್ವಾ. ಸನೇಕ ಬಂದು ನೋಡು.”

ಆಕೆ ಬಗ್ಗಿ ನೋಡಿ, ಚೀಲ ಎತ್ತಿಕೊಂಡು ಹೊರಟಳು. ಅವಳ ಹಿಂದೆ ಉಳಿದವರೂ ಎದ್ದರು. ಬೆಂಚಿನ ಮೇಲೆ ನಾನೊಬ್ಬಳೇ ಕುಳಿತಿದ್ದೆ.