ಗಾಡಿ ಹಚ್ಚೀನಿ

ಮಸ್ಕಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಲ್ಲೇಶ ಮಾಸ್ತರರ ಮನೆ ಯಾವುದೆಂದು ಕೇಳಿದರೆ ಈಗ ಎಲ್ಲರೂ ‘ಕರೆಂಟ್ ಕಾರಿನ ಮನಿ’ ಎಂದು ಕೈತೋರಿಸುತ್ತಾರೆ. ಆ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಐದಾರು ವರ್ಷಗಳಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದೆ. ಕಾರು ಬಂದು ಇನ್ನೂ ವರ್ಷವಾಗಿಲ್ಲ. ಆದರೂ ಅದನ್ನು ‘ರೊಟ್ಟಿ ಮನಿ’ ಎಂದು ಕರೆದವರಿಲ್ಲ. ಮಾಸ್ತರರ ಹೆಂಡತಿ ಸುರೇಖಾ ಇದನ್ನು ಗಮನಿಸಿದ್ದಳು. ಗಮನಿಸಿ ಸುಮ್ಮನಿದ್ದಳು.

ಮಲ್ಲೇಶ ಬಳಗಾನೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಅವನ ಅಪ್ಪ ನರಸಣ್ಣ ಕಂಡವರ ಗದ್ದೆಯಲ್ಲಿ ನಾಟಿಗೂ ಕೊಯ್ಲಿಗೂ ಬಗ್ಗಿ ಬದುಕಿದ ಮನುಷ್ಯ. ಹೀಗಾಗಿ ಕಾರು ಬಂದ ದಿನ ಸುರೇಖಾಳ ಅತ್ತೆ ಗದ್ದೆಮ್ಮ ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು ಅತ್ತಿದ್ದಳು. ಪಡಸಾಲೆಯಲ್ಲಿ ಬುದ್ಧ ಮತ್ತು ಬಾಬಾಸಾಹೇಬರ ಪಟಗಳಿರುವ ಗೋಡೆಗೇ ಒಂದು ಮೊಳೆ ಹೊಡೆದು ಕಾರಿನ ಕೀಲಿಗೆ ಜಾಗ ಮಾಡಿದ್ದರು.

ಭಾನುವಾರ ಬಂತೆಂದರೆ ಮನೆಯ ಕಟ್ಟೆಯ ಮೇಲೆ ವಾದ. ಎದುರು ಮನೆಯ ಗೌಸ್‌ಸಾಬ್ ಮೂರು ಗಾಲಿಯ ಡೀಸೆಲ್ ಟಂಟಂ ಇಟ್ಟುಕೊಂಡು ಸಿಂಧನೂರು, ಗೊರೇಬಾಳದ ಕಡೆ ಭತ್ತದ ಚೀಲ ಸಾಗಿಸುವವನು. ಬ್ಯಾಟರಿಗೆ ಬೆಂಕಿ ಬೀಳುತ್ತದೆ, ಮಳೆಯಲ್ಲಿ ಶಾಕ್ ಹೊಡೆಯುತ್ತದೆ, ದಾರಿಯಲ್ಲಿ ನಿಂತರೆ ಎತ್ತು ಕಟ್ಟಿ ಎಳೆಯಬೇಕು ಎಂದು ಅವನು ಕಾಡುತ್ತಿದ್ದ. ಮಾಸ್ತರ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದ. ಅದಕ್ಕೂ ಮೊದಲು ಅವನ ಮಾತು ತಿದ್ದುತ್ತಿದ್ದ. ಮೈಲೇಜ್ ಅಲ್ಲ, ರೇಂಜ್. ಕರೆಂಟ್ ಕುಡಿಯುವುದಿಲ್ಲ, ಬಳಸುತ್ತದೆ. ಶಬ್ದ ತಪ್ಪಿದರೆ ವಿಚಾರವೇ ತಪ್ಪುತ್ತದೆ ಎಂಬುದು ಅವನ ಗಟ್ಟಿ ನಂಬಿಕೆ. ಗೌಸ್‌ಸಾಬ್ ಒಮ್ಮೆ ಬೇಸತ್ತು, ಇದನ್ನು ದಿನಾ ಕಟ್ಟಿ ಮೇಯಿಸುವ ತ್ರಾಸು ಎಷ್ಟು ಎಂದು ಕೇಳಿದಾಗ ಮಾಸ್ತರ ನಕ್ಕಿದ್ದ.

“ತ್ರಾಸ ಎಲ್ಲಿದು ಸಾಬ? ಸಂಜಿಕ ಬಂದು ಗಾಡಿ ಹಚ್ತೀನಿ. ಮುಂಜಾನಿ ಏಳೂದರಾಗ ತಾನ ಫುಲ್ ಆಗಿರ್ತದ.”

ಅಡುಗೆಮನೆಯ ಕಿಟಕಿಯಲ್ಲಿ ಚಹಾ ಸೋಸುತ್ತಿದ್ದ ಸುರೇಖಾಳ ಕಿವಿಗೆ ಒಂದು ಶಬ್ದ ಬಿತ್ತು. ತಾನ. ಆ ಮನೆಯ ವೈರಿಂಗು ಹಳೆಯದು. ಕಾರು ಚಾರ್ಜಿಗಿದ್ದಾಗ ನೀರಿನ ಮೋಟರ್ ಹಚ್ಚುವಂತಿಲ್ಲ, ಗ್ರೈಂಡರ್ ತಿರುಗಿಸುವಂತಿಲ್ಲ. ಹಚ್ಚಿದರೆ ಮನೆಯೇ ಕತ್ತಲು. ಸಂಜೆ ವೋಲ್ಟೇಜ್ ಸಾಲದು. ಆದ್ದರಿಂದ ಮೊದಲು ಟಾಕಿಗೆ ನೀರು ಏರಿಸಿ, ಹಿಟ್ಟು ರುಬ್ಬಿ, ಎಲ್ಲರ ಊಟ ಮುಗಿಸಿ, ಮುಸುರೆ ತಿಕ್ಕಿ, ಓಣಿ ಮಲಗಿದ ಮೇಲೆ ಅವಳು ಹೊರಗೆ ಬಂದು ಕಿಟಕಿಯಿಂದ ಚಾರ್ಜಿನ ದಪ್ಪ ವೈರನ್ನು ಎಳೆದು ಕಾರಿಗೆ ಚುಚ್ಚುತ್ತಿದ್ದಳು. ಕರೆಂಟು ಹೋಗಿ ಬಂದರೆ ಎದ್ದು ಮತ್ತೆ ನೋಡಬೇಕು. ಮುಂಜಾನೆ ಅವನು ಏಳುವ ಮೊದಲೇ ವೈರ್ ಸುತ್ತಿ ಒಳಗಿಡಬೇಕು, ಇಲ್ಲವಾದರೆ ಅಂಗಳ ಗುಡಿಸಲು ಬರುವುದಿಲ್ಲ. ಹೀಗೆ ಆಗುತ್ತಿತ್ತು ಅದು, ತಾನಾಗಿ.

ಹುಡುಗಿಯಾಗಿದ್ದಾಗಿನಿಂದ ಅವಳ ಕೈರೊಟ್ಟಿಗೆ ಹೆಸರಿತ್ತು. ಚಂದ್ರನಂತೆ ದುಂಡಗೆ, ಹಾಳೆಯಂತೆ ತೆಳ್ಳಗೆ. ಪಕ್ಕದ ಓಣಿಯ ಲಾಲ್‌ಬೀ, ಆದಮ್ಮ ಇಬ್ಬರನ್ನೂ ಕೂಡಿಸಿಕೊಂಡು ಶೆಡ್ಡು ಶುರುಮಾಡಿದಾಗ ಖಾನಾವಳಿಯವರು, ಹಾಸ್ಟೆಲ್ಲಿನವರು ಕೊಳ್ಳುತ್ತಿದ್ದರು. ದೊಡ್ಡ ಮನೆಗಳ ಮದುವೆಯಿಂದ ಮಾತ್ರ ಒಂದೂ ಆರ್ಡರ್ ಬಂದಿರಲಿಲ್ಲ. ರೊಟ್ಟಿಯ ರುಚಿ ಕೇಳಿ ಫೋನ್ ಹಚ್ಚಿದವರು ಓಣಿಯ ಹೆಸರು ಕೇಳಿದ ಮೇಲೆ ‘ತಿಳಸ್ತೀವಿ’ ಅನ್ನುತ್ತಿದ್ದರು. ತಿಳಿಸುತ್ತಿರಲಿಲ್ಲ.

ಈ ಸಲ ಲಿಂಗಸುಗೂರಿನ ದುರ್ಗಾದೇವಿ ಕರೆ ಮಾಡಿದ್ದರು. ಅಣ್ಣನ ಮಗಳ ಮದುವೆ, ಮಧ್ಯಾಹ್ನದ ಊಟಕ್ಕೆ ಬಿಸಿ ಜೋಳದ ರೊಟ್ಟಿ. ಓಣಿ ಯಾವುದೆಂದು ಸುರೇಖಾ ತಾನಾಗಿಯೇ ಹೇಳಿದಳು. ಆ ಕಡೆಯಿಂದ ‘ತಿಳಸ್ತೀವಿ’ ಬರಲಿಲ್ಲ. ದುರ್ಗಾದೇವಿ, ಪಂಕ್ತಿ ಕೂಡುವ ಮೊದಲು ರೊಟ್ಟಿ ಚಪ್ಪರದಲ್ಲಿರಬೇಕು, ತಡವಾದರೆ ತನಗೆ ಮನೆಯವರ ಮುಂದೆ ಮುಖವಿರುವುದಿಲ್ಲ ಎಂದರು. ಮುಖ ಯಾರದು ಹೋಗುತ್ತದೆಂದು ಸುರೇಖಾಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರು ತಡಮಾಡಿದರೆ ಗಾಡಿ ಕೆಟ್ಟಿತ್ತು ಅನ್ನುತ್ತಾರೆ. ಇವಳು ತಡಮಾಡಿದರೆ ‘ಅವರು ಅಷ್ಟ’ ಅನ್ನುತ್ತಾರೆ. ಆಮೇಲೆ ಇನ್ನೊಂದು ಕರೆ ಬರುವುದಿಲ್ಲ.

ಅವಳು ಗೌಸ್‌ಸಾಬನ ಟಂಟಂ ಗೊತ್ತುಮಾಡಿದ್ದಳು. ಮನೆಯಲ್ಲಿ ಕಾರಿಟ್ಟುಕೊಂಡು ಅವನ ಡೀಸೆಲ್ ಗಾಡಿ ಬಾಗಿಲಿಗೆ ಕರೆಸುವುದೇ ಎಂದು ಮಲ್ಲೇಶ ಅದನ್ನು ಬಿಡಿಸಿದ. ರಜೆ ಹಾಕಿ ತಾನೇ ಬರುತ್ತೇನೆಂದ. ಅವನ ಮಾತಿನಲ್ಲಿ ಪ್ರೀತಿಯೂ ಇತ್ತು, ಭಾನುವಾರದ ವಾದವೂ ಇತ್ತು.

ಮದುವೆಯ ಹಿಂದಿನ ದಿನ ಮುಂಜಾನೆ ಅವನು ಕಾರಿನಲ್ಲಿ ದೂರದ ಜಿಲ್ಲಾ ಕೇಂದ್ರಕ್ಕೆ ತರಬೇತಿಗೆ ಹೊರಟಾಗ ಅವಳು ಹಿಟ್ಟು ಜರಡಿ ಹಿಡಿಯುತ್ತಲೇ ಹೇಳಿದಳು: “ಇವತ್ತೊಂದಿನ ಗಾಡಿ ನೀವ ಹಚ್ಚರಿ. ನನ್ನ ಕೈ ಖಾಲಿ ಇರಂಗಿಲ್ಲ.” ಅವನು ಹೂಂ ಅಂದ. ಸಂಜೆ ಕಾರಿನ ಬಾಗಿಲು ಬಡಿದ ಸದ್ದು ಕೇಳಿ ಶೆಡ್ಡಿನಿಂದಲೇ ಮತ್ತೊಮ್ಮೆ ಕೂಗಿದಳು.

“ಗಾಡಿ ಹಚ್ಚೀರೇನ್ರೀ?”

“ಹಚ್ಚೀನಿ.”

ಆ ಒಂದು ಮಾತು ನಂಬಿ ಅವಳು ಅಂದು ರಾತ್ರಿ ಅಂಗಳಕ್ಕೆ ಹೋಗಲಿಲ್ಲ.

ಮರುದಿನ ನಸುಕಿನಿಂದ ಮೂವರೂ ಹಂಚಿನ ಮುಂದೆ ಕೂತಿದ್ದರು. ರೊಟ್ಟಿ ಬುಟ್ಟಿಗಳಲ್ಲಿ ಬಿಳಿ ಬಟ್ಟೆಯ ಮೇಲೆ ಪದರ ಪದರವಾಗಿ ಏರಿತು. ಬುಟ್ಟಿ ಇಡಲೆಂದು ಮಲ್ಲೇಶ ಕಾರು ಚಾಲೂ ಮಾಡಿದವನು ಹಾಗೇ ಕೂತುಬಿಟ್ಟ. ಸುರೇಖಾ ಬಗ್ಗಿ ನೋಡಿದಳು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಹನ್ನೊಂದು ಪರ್ಸೆಂಟ್.

ವೈರು ಕಿಟಕಿಯೊಳಗೆ, ಅವಳು ಸುತ್ತಿಟ್ಟ ಹಾಗೇ ಇತ್ತು.

ಆ ಸೀಮೆಯಲ್ಲಿ ದೀಪ ಹಚ್ಚುತ್ತಾರೆ, ಒಲೆ ಹಚ್ಚುತ್ತಾರೆ, ಮೋಟರ್ ಹಚ್ಚುತ್ತಾರೆ, ಫೋನ್ ಹಚ್ಚುತ್ತಾರೆ, ರೊಟ್ಟಿಗೆ ಬೆಣ್ಣೆ ಹಚ್ಚುತ್ತಾರೆ. ಗಾಡಿಗೆ ವೈರ್ ಚುಚ್ಚುವುದೂ ಹಚ್ಚುವುದೇ, ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸುವುದೂ ಹಚ್ಚುವುದೇ. ದಿನಾ ಸಂಜೆ ಹಾರ್ನ್ ಕೇಳಿದೊಡನೆ ಸುರೇಖಾ ಓಡಿಬಂದು ಗೇಟು ತೆಗೆದು, ಕೊಡ ಬಕೆಟ್ಟು ಸರಿಸಿ, ‘ಬರ್ರಿ, ಬರ್ರಿ, ಸಾಕು’ ಅನ್ನುತ್ತಿದ್ದಳು. ನಿನ್ನೆ ಮಲ್ಲೇಶ ತಾನೇ ಇಳಿದು ಗೇಟು ತೆಗೆದು, ತಾನೇ ಬಕೆಟ್ಟು ಸರಿಸಿ ಗಾಡಿ ನಿಲ್ಲಿಸಿದ್ದ. ಅಷ್ಟು ಮಾಡಿ, ಹೆಂಡತಿಗೆ ಒಂದು ಕೆಲಸ ತಪ್ಪಿಸಿದೆನೆಂದು ಹಿಗ್ಗಿದ್ದ.

ಗೌಸ್‌ಸಾಬ್ ಆಗಲೇ ಗೊರೇಬಾಳಕ್ಕೆ ಹೋಗಿಯಾಗಿತ್ತು. ಬುಟ್ಟಿ ಕಟ್ಟುವವರೆಗೆ ವೈರ್ ಚುಚ್ಚಿದರು. ಹನಿಹನಿ ನೀರಿನಲ್ಲಿ ಕೊಡ ತುಂಬಿದಂತೆ ಅಂಕಿ ಮೇಲೇರಿತು. ಹದಿನೈದು. ಸಾಕಾಗಬಹುದು, ಆಗದೆಯೂ ಇರಬಹುದು. ಇನ್ನು ಕಾಯುವಂತಿರಲಿಲ್ಲ.

ಲಾಲ್‌ಬೀ, ಆದಮ್ಮ ಶೆಡ್ಡಿನಲ್ಲೇ ಉಳಿದರು; ಗಂಡಹೆಂಡತಿ ಬುಟ್ಟಿ ಏರಿಸಿಕೊಂಡು ಹೊರಟರು. ಎ.ಸಿ. ಹಾಕಿದರೆ ಬ್ಯಾಟರಿ ಇಳಿಯುತ್ತದೆ. ಕಿಟಕಿ ಮುಚ್ಚಿದರೆ ರೊಟ್ಟಿ ಬೆವರಿ ಮೆತ್ತಗಾಗುತ್ತದೆ. ತೆಗೆದರೆ ಧೂಳು. ಸುರೇಖಾ ಕಿಟಕಿಯನ್ನು ನಾಲ್ಕು ಬೆರಳು ತೆರೆದು, ಸೆರಗನ್ನು ಬುಟ್ಟಿಯ ಮೇಲೆ ಹಿಡಿದು ಕೂತಳು. ಲಾರಿಗಳು ಹಾರ್ನ್ ಹೊಡೆದು ಮುಂದೆ ಹೋದವು. ಸೈಕಲ್ಲಿನವನೊಬ್ಬ ಸುಮಾರು ದೂರ ಪಕ್ಕದಲ್ಲೇ ಬಂದ. ಅಂಕಿ ಎರಡಂಕಿಯಿಂದ ಒಂದಂಕಿಗೆ ಇಳಿದಾಗ ಮಲ್ಲೇಶ ಬಾಯಿ ತೆಗೆದ.

“ನೀ ‘ಚಾರ್ಜಿಗೆ’ ಅನಬೇಕಿತ್ತು. ಮಾತು ಪೂರಾ ಹೇಳಬೇಕು.”

“ಎರಡ ಸಲ ಹೇಳೀನಿ.”

“ಅರ್ಧ ಮಾತು ಎರಡ ಸಲ ಹೇಳಿದ್ರ ಪೂರಾ ಆಗಂಗಿಲ್ಲ, ಸುರೇಖಾ.”

ಶಾಲೆಯ ಹುಡುಗರು ನಗುವ ಮಾತು ಅದು. ಅವಳು ನಗಲಿಲ್ಲ. ಎದುರಿಗೆ ರಸ್ತೆಯನ್ನೇ ನೋಡುತ್ತ ಕೇಳಿದಳು:

“ದಿನಾ ಸಂಜಿಕ ಒಳಗ ಬಂದು ‘ಗಾಡಿ ಹಚ್ಚೀನಿ’ ಅಂತಿದ್ರಿ. ಆಮ್ಯಾಲ ಅದಕ್ಕ ಕರೆಂಟ್ ಯಾರು ಹಚ್ತಿದ್ರು?”

ಮಲ್ಲೇಶ ಗೇರ್ ಇಲ್ಲದ ಗಾಡಿಯಲ್ಲಿ ಗೇರಿಗಾಗಿ ಕೈ ತಡಕಿದ. “ನೀನ,” ಅಂದ.

“ಮತ್ತ ಗೌಸ್‌ಸಾಬಗ ತಾನ ಆಗ್ತದ ಅಂತ ಹೇಳಿದ್ರಿ.”

“ಅದು ಮಾತಿಗೆ ಅಂದಿದ್ದು.”

ಮಾತಿಗೆ ಅಂದಿದ್ದು. ಮಗ ಪವನ ಒಮ್ಮೆ ಪರೀಕ್ಷೆಯ ಉತ್ತರವೊಂದನ್ನು ‘ಸುಮ್ಮನೆ ಬರೆದೆ’ ಎಂದಿದ್ದಕ್ಕೆ, ಭಾಷೆಯಲ್ಲಿ ಸುಮ್ಮನೆ ಎಂಬುದಿಲ್ಲ ಎಂದು ಊಟದ ಹೊತ್ತೆಲ್ಲ ಪಾಠ ಮಾಡಿದ ಮನುಷ್ಯನೇ ಇವನು. ಸುರೇಖಾ ಮನಸ್ಸಿನಲ್ಲೇ ತನ್ನ ಮನೆಯ ಮಾತುಗಳನ್ನು ತಿರುವಿ ನೋಡಿದಳು. ಅಡಿಗಿ ಆಗ್ಯದ. ನೀರು ತುಂಬ್ಯಾವ. ಅರಿವಿ ಒಣಗ್ಯಾವ. ಎಲ್ಲವೂ ಆಗಿವೆ, ಮಾಡಿದವರೇ ಇಲ್ಲ. ತಪ್ಪಾದಾಗ ಮಾತ್ರ ಮಾಡುವವಳು ಬರುತ್ತಾಳೆ. ನೀ ಹೇಳಲಿಲ್ಲ, ನೀ ನೋಡಲಿಲ್ಲ, ನೀ ಹಚ್ಚಲಿಲ್ಲ.

ಅಷ್ಟರಲ್ಲಿ ಪರದೆಯ ಮೇಲೆ ಬ್ಯಾಟರಿ ಮುಗಿಯುತ್ತ ಬಂತೆಂದು ಹೇಳುವ ಆಮೆಯ ಚಿತ್ರ ಮೂಡಿತು. ಕಾರು ತೆವಳತೊಡಗಿತು. ಜಾಲಿಗಿಡಗಳ ಸಾಲು, ಆಚೆ ಒಂದು ಹಿಟ್ಟಿನ ಗಿರಣಿ, ಅದನ್ನು ಬಿಟ್ಟರೆ ಬಯಲು. ಲಿಂಗಸುಗೂರು ಇನ್ನೂ ಕಾಣುತ್ತಿರಲಿಲ್ಲ. ಗಿರಣಿಯಲ್ಲಿ ಅರ್ಧ ತಾಸು ಚಾರ್ಜಿಗೆ ಇಟ್ಟರೆ ಹೋಗಿ ಮುಟ್ಟಬಹುದು ಎಂದ ಮಲ್ಲೇಶ. ಸುರೇಖಾ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು. ಸಿಂಧನೂರಿನಿಂದ ಬರುವ ಕೆಂಪು ಬಸ್ಸು ಏರು ಹತ್ತುತ್ತಿತ್ತು. ಅವಳು ಇಳಿದು ರಸ್ತೆಯ ನಡುವೆಯೇ ನಿಂತಳು.

ಬಸ್ಸು ತುಂಬಿತ್ತು. ಇಷ್ಟು ಬುಟ್ಟಿ ಹೇಗೆ ಎಂದು ಕಂಡಕ್ಟರ್ ತಲೆಯಾಡಿಸಿದ. ಅವನ ಹಿಂದೆ ಬಳಗಾನೂರಿನ ಕೂಲಿ ಹೆಂಗಸರ ಗುಂಪು ಕೂತಿತ್ತು. ಅವರಲ್ಲೊಬ್ಬಳು ರೊಟ್ಟಿಯ ವಾಸನೆಗೆ ಕತ್ತು ಚಾಚಿ, “ಇತ್ತ ಕೊಡವ್ವ, ತೊಡಿ ಮ್ಯಾಲ ಇಟ್ಕೋತೀವಿ. ತಿಂದ್ರ ಬೈಬ್ಯಾಡ,” ಅಂದಳು. ಬಸ್ಸೆಲ್ಲ ನಕ್ಕಿತು. ಬುಟ್ಟಿಗಳು ಕೈಯಿಂದ ಕೈಗೆ ಏರಿದವು. ಮಲ್ಲೇಶ ಕೊನೆಯ ಬುಟ್ಟಿ ಎತ್ತಿಕೊಟ್ಟು, ತಾನೂ ಬರಲೋ ಇಲ್ಲೇ ಇರಲೋ ತಿಳಿಯದೆ ಮೆಟ್ಟಿಲ ಬಳಿ ನಿಂತ.

“ನೀವು ಗಾಡಿ ಹಚ್ಚರಿ,” ಅಂದಳು ಸುರೇಖಾ. ಬಸ್ಸು ಹೊರಟಿತು.

ಚಪ್ಪರದಲ್ಲಿ ಎಲೆ ಹಾಕಿಯಾಗಿತ್ತು. ದುರ್ಗಾದೇವಿ ಬಾಗಿಲಲ್ಲೇ ನಿಂತಿದ್ದರು. ಬಸ್‌ಸ್ಟ್ಯಾಂಡಿನಿಂದ ಬಂದ ಆಟೋದಿಂದ ಬುಟ್ಟಿ ಇಳಿಯುವುದನ್ನು ಕಂಡು ಉಸಿರುಬಿಟ್ಟು ಒಳಗೆ ತಿರುಗಿ, ರೊಟ್ಟಿ ಬಂದವು ಎಂದು ಹೇಳಿದರು. ಪಂಕ್ತಿಯ ತುದಿಯಲ್ಲಿದ್ದ ರುಮಾಲಿನ ಹಿರಿಯರೊಬ್ಬರು ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು, ಯಾರ ಮನೆಯವು ಎಂದು ಕೇಳಿದರು. ದುರ್ಗಾದೇವಿಯ ಕಣ್ಣು ಒಮ್ಮೆ ಸುರೇಖಾಳ ಕಡೆ ಬಂದು ಹೋಯಿತು.

“ಮಸ್ಕಿಯಿಂದ ಬಂದಾವ್ರಿ ಕಾಕಾ.”

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ರೊಟ್ಟಿ ಸಮಯಕ್ಕೆ ಮುಟ್ಟಿತ್ತು, ಮುಂದಿನ ಕರೆಯೂ ಬರುತ್ತಿತ್ತು. ಆದರೆ ದಾರಿಯುದ್ದಕ್ಕೂ ಬಾಯೊಳಗೆ ತಿರುಗಿದ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು.

“ಬಂದಿಲ್ರಿ,” ಅಂದಳು ಸುರೇಖಾ. “ನಾವು ತಂದೀವಿ. ನಾನು, ಲಾಲ್‌ಬೀ, ಆದಮ್ಮ ಬಡದ ರೊಟ್ಟಿ ಇವು. ನಾ ಸುರೇಖಾ. ಬಸ್‌ಸ್ಟ್ಯಾಂಡ್ ಹಿಂದಿನ ಓಣಿ.”

ಬಡಿಸುವವರ ಕೈ ನಿಂತಿತು. ಆ ಓಣಿ ಯಾವುದೆಂದು ಅಲ್ಲಿ ಕೂತವರಲ್ಲಿ ಹಲವರಿಗೆ ಗೊತ್ತಿತ್ತು. ಒಬ್ಬರು ಎಲೆ ಬಿಟ್ಟೆದ್ದು, ಕೈ ತೊಳೆಯುವವರಂತೆ ಹೊರಗೆ ಹೋದರು. ಮತ್ತೊಬ್ಬರು ಅವರ ಬೆನ್ನು ನೋಡಿದರು. ರುಮಾಲಿನ ಹಿರಿಯರು ಕೈಯಲ್ಲಿದ್ದ ರೊಟ್ಟಿಯನ್ನು ಇನ್ನೂ ಹಿಡಿದೇ ಇದ್ದರು. ದುರ್ಗಾದೇವಿಯ ಮುಖ ಕೆಂಪಾಯಿತು. ಅದು ಸಿಟ್ಟೋ ನಾಚಿಕೆಯೋ ಸುರೇಖಾಗೆ ತಿಳಿಯಲಿಲ್ಲ. ಅವರು ಮುಂದೆ ಬಂದು ತಾವೇ ಒಂದು ಬುಟ್ಟಿಯನ್ನು ಸೊಂಟಕ್ಕೆ ಎತ್ತಿಕೊಂಡು ಸಾಲಿನ ಮೊದಲ ಎಲೆಯಿಂದ ಹಾಕುತ್ತ ಹೋದರು.

“ಆರ್ತಾವು. ಉಣ್ಣರಿ,” ಅಂದರು, ಯಾರ ಮುಖವನ್ನೂ ನೋಡದೆ.

ಹಿರಿಯರು ರೊಟ್ಟಿ ಮುರಿದು ಬದನೆಕಾಯಿ ಎಣ್ಣೆಗಾಯಿಗೆ ಅದ್ದಿದರು. ಹೊರಗೆ ಹೋದವರು ತಿರುಗಿ ಬರಲಿಲ್ಲ. ಅವರ ಎಲೆಯ ಮುಂದೆ ಬೇರೆ ಯಾರೋ ಬಂದು ಕೂತರು.

ಮಧ್ಯಾಹ್ನ ಇಳಿದ ಮೇಲೆ ಸುರೇಖಾ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದಳು. ದುರ್ಗಾದೇವಿ ಮತ್ತೆ ಕರೆಯುತ್ತೇನೆ ಎಂದಿರಲಿಲ್ಲ, ಕರೆಯುವುದಿಲ್ಲ ಎಂದೂ ಅಂದಿರಲಿಲ್ಲ. ಹೊರಡುವಾಗ ಆದಮ್ಮನ ಹೆಸರನ್ನು ಇನ್ನೊಮ್ಮೆ ಕೇಳಿದ್ದರು, ಅಷ್ಟೆ. ಫೋನ್ ಗುಂಯ್‌ಗುಟ್ಟಿತು. ಮಲ್ಲೇಶ.

“ಗಾಡಿ ಹಚ್ಚೀನಿ,” ಅಂದ. ತಕ್ಷಣ ತಿದ್ದಿಕೊಂಡ. “ಚಾರ್ಜಿಗೆ ಹಚ್ಚೀನಿ. ಗಿರಣ್ಯಾಗ. ಇಲ್ಲಿ ಹಿಟ್ಟಿನ ಮಷಿನ್ ತಿರಗಾಕ ಹತ್ತಿದ್ರ ಕರೆಂಟ್ ಸಾಲಂಗಿಲ್ಲಂತ. ನಡುನಡುವ ತಗಿಬೇಕು, ಹಚ್ಚಬೇಕು. ಕುಂದ್ರಾಕೂ ಬಿಡವಲ್ದು ಇದು.”

“ಹೌದೇನ್ರಿ,” ಅಂದಳು ಸುರೇಖಾ.

ರೊಟ್ಟಿ ಮುಟ್ಟಿದವೇ, ಉಂಡರೇ ಎಂದು ಕೇಳಿದ. ಹೇಳಿದಳು. ತಾನು ಹೆಸರು, ಓಣಿ ಹೇಳಿದ್ದನ್ನೂ ಎದ್ದುಹೋದವರನ್ನೂ ಹೇಳಿದಳು. ಗಿರಣಿಯ ಸದ್ದಿನ ನಡುವೆ ಅವನು, ಹೆಸರು ಹೇಳಿದ್ದು ಚಲೋ ಆಯಿತು ಎಂದ. ಆಮೇಲೆ ಅಭ್ಯಾಸದ ದಾರಿಯಲ್ಲೇ ಇನ್ನೊಂದು ಪ್ರಶ್ನೆ ಕೇಳಿದ.

“ಮನಿ ಮುಟ್ಟೂದು ಇಬ್ಬರಿಗೂ ಹೊತ್ತಾಗ್ತದ. ರಾತ್ರಿ ಅಡಿಗಿ ಹೆಂಗ?”

ಮಸ್ಕಿಯ ಬಸ್ಸು ಬಂದು ನಿಂತಿತು. ಸುರೇಖಾ ಬುಟ್ಟಿಗಳನ್ನು ಎತ್ತಿಕೊಂಡಳು.

“ತಾನ ಆಗ್ತದ್ರಿ,” ಅಂದು ಫೋನ್ ಇಟ್ಟಳು.